ಹನ್ನೆರಡು ಪದಗಳ ಹಾಡು

“ಇನ್ನೊಮ್ಮೆ ಹೇಳು,” ಎಂದಳು ಸಪ್ನಾ ಅಕ್ಕ. “ಸಾವಕಾಶ ಹೇಳು.”

ಚೇತನಾ ಕಣ್ಣು ಮುಚ್ಚಿದಳು. ಬೆರಳಿನಿಂದ ಅಂಗಡಿಯ ಕಟ್ಟೆಯ ಮೇಲೆ ತಾಳ ಹಾಕುತ್ತ, ಅಕ್ಕನ ಕಿವಿಗಷ್ಟೇ ಕೇಳುವಂತೆ ಹನ್ನೆರಡು ಇಂಗ್ಲಿಷ್ ಪದಗಳನ್ನು ಹಾಡಿದಳು. ಮೊಬೈಲ್ ಅಂಗಡಿಯ ಶಾಬುದ್ದೀನ ಕಾಕಾ ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದ.

ಅಕ್ಕ ಒಂದೊಂದೇ ಪದವನ್ನು ಕಾಕಾ ಉದ್ರಿ ಕೊಟ್ಟ ಬೇರೆ ಫೋನಿನಲ್ಲಿ ಒತ್ತಿದಳು. ಪರದೆಯ ಮೇಲೆ ಮತ್ತೆ ಅದೇ ಕೆಂಪು ಅಕ್ಷರ. ತಪ್ಪು.

“ನಂದ ತಪ್ಪಿಲ್ಲ,” ಎಂದಳು ಚೇತನಾ. “ಫೋನಿಂದು ತಪ್ಪು.”

“ಮುಗೀತೇನವಾ? ತಿರುಗ್ಲೇನು?” ಎಂದು ಕೇಳಿ ಕಾಕಾ ಇತ್ತ ತಿರುಗಿದ. “ಈ ಫೋನ್ ಛಲೋ ಐತಿ ತಂಗಿ. ನಿಮ್ಮ ಹಳೇದ ಹೋತು. ನೂಲಿಗೆ ಕುಡಿಸೂ ಗಂಜಿ ಫೋನಿಗೆ ಕುಡಿಸಿದ್ರ ಅದು ಬದಕತೈತೇನು?”

ಯಾರೂ ನಗಲಿಲ್ಲ. ನಿನ್ನೆ ಸಪ್ನಾ ಮಗ್ಗದ ಹತ್ತಿ ನೂಲಿಗೆ ಗಂಜಿ ಹಚ್ಚುವಾಗ, ಅವಳ ಫೋನು ಸೊಂಟದಿಂದ ಜಾರಿ ಗಂಜಿಯ ಬಕೀಟಿಗೆ ಬಿದ್ದಿತ್ತು. ಫೋನು ಹೋದರೆ ಹೋಗಲಿ. ಅದರೊಳಗೆ ಅವಳ ಸೀರೆಯ ದುಡ್ಡಿತ್ತು.

ಅದು ಸಪ್ನಾ ತನ್ನದೇ ನೂಲಿನಿಂದ ನೇಯ್ದ ಮೊದಲ ಸೀರೆ. ಇಳಕಲ್ಲಿನಲ್ಲಿ ಅವಳು ಇಲ್ಲಿಯವರೆಗೆ ನೇಯ್ದದ್ದೆಲ್ಲ ಶಿವಸಂಗಪ್ಪ ಸಾವ್ಕಾರರಿಗಾಗಿ. ನೂಲು ಅವರದು, ಸೀರೆ ಅವರದು, ಕೂಲಿ ಮಾತ್ರ ಇವಳದು. ಈ ಸಲ ಕೂಡಿಟ್ಟ ದುಡ್ಡಿನಲ್ಲಿ ತಾನೇ ರೇಷ್ಮೆ ತಂದಳು, ದಾಳಿಂಬೆ ಬಣ್ಣದ ಸೀರೆ ನೇಯ್ದಳು, ಫೋಟೋ ಹಾಕಿದಳು. ಯಾವುದೋ ದೂರದ ದೇಶದ ಹೆಣ್ಣುಮಗಳೊಬ್ಬಳು ಕೊಂಡಳು. ಬ್ಯಾಂಕಿನಲ್ಲಿ ಕಳಿಸಲು ಹೋದರೆ ಆ ಕಾಗದ, ಈ ಕಾಗದ. ಅದಕ್ಕೆ ಆಕೆ ಡಿಜಿಟಲ್ ಕಾಯಿನ್ ಕಳಿಸಿದಳು. ಚಹಾ ಕುದಿಯುವಷ್ಟರಲ್ಲಿ ದುಡ್ಡು ಬಂದಿತ್ತು.

ಬಾಗಲಕೋಟೆಯಲ್ಲಿ ಓದುವ ಸಂಜು ಅಣ್ಣ ಬಂದು ಆ್ಯಪ್ ಹಾಕಿಕೊಟ್ಟಿದ್ದ. “ಈ ಹನ್ನೆರಡು ಪದಾನ ಕೀಲಿಕೈ. ಫೋನ್ ಹೋದ್ರೂ ಇವು ಇದ್ರ ಬ್ಯಾರೆ ಫೋನಿನ್ಯಾಗ ದುಡ್ಡು ತಗೀಬಹುದು. ಫೋಟೋ ತೆಗೀಬ್ಯಾಡ. ಯಾರಿಗೂ ತೋರಸಬ್ಯಾಡ. ಒಂದೂ ಹಿಂದ ಮುಂದ ಆಗಬಾರದು,” ಎಂದು ಹೇಳಿ ಹೋಗಿದ್ದ.

ಸಪ್ನಾ ಅವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಚೇತನಾಳನ್ನು ಕರೆದು ಕಲಿಸಿದ್ದಳು. ಚೇತನಾ ಕೇಳಿದವರೆಲ್ಲ ಮೆಚ್ಚುವಂತೆ ವಚನ ಹೇಳುವ ಹುಡುಗಿ. ಕೂಡಲಸಂಗಮದಲ್ಲಿ ನಡೆದ ಕಂಠಪಾಠ ಸ್ಪರ್ಧೆಯಲ್ಲಿ ಫಸ್ಟ್ ಬಂದಿದ್ದಳು. ಎರಡು ದಿನ ಕಳೆದ ಮೇಲೆ ಅಕ್ಕ ಚೀಟಿಯನ್ನು ಒಲೆಗೆ ಹಾಕಿದಳು.

“ಮನ್ಯಾಗ ಕಾಗದ ಇಟ್ರ ಇಲಿ ತಿಂತಾವು,” ಎಂದಿದ್ದಳು. “ಚೇತನಾನ ತಲ್ಯಾಗ ಇಟ್ರ ಯಾರ ತಿಂತಾರ?”

ಆ ದಿನ ಚೇತನಾಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಊಟ ಕೂಡ ಸೇರಿರಲಿಲ್ಲ.

“ಕಾಕಾ, ಇದಕ್ಕ ಕಸ್ಟಮರ್ ಕೇರ್ ನಂಬರ್ ಇಲ್ಲೇನು?” ಎಂದು ಕೇಳಿದಳು ಸಪ್ನಾ. “ಎಟಿಎಮ್ಮಿನ ಪಿನ್ ಮರತಾಗ ಬ್ಯಾಂಕಿಗೆ ಹೋಗಿ ಆಧಾರ್ ಕೊಟ್ಟಿದ್ನಿ. ಹೊಸಾದು ಕೊಟ್ರು.”

ಶಾಬುದ್ದೀನ ಕಾಕಾ ಸ್ಟೂಲಿನ ಮೇಲೆ ಕೂತ. “ಇದಕ್ಕ ಬ್ಯಾಂಕ್ ಇಲ್ಲ, ಮ್ಯಾನೇಜರ್ ಇಲ್ಲ. ಯಜಮಾನನ ಇಲ್ಲ ತಂಗಿ. ಅದಕ್ಕ ಮಂದಿ ಇದನ್ನ ಛಲೋ ಅಂತಾರ, ಯಾರೂ ಕಸಗೊಳ್ಳಂಗಿಲ್ಲ ಅಂತ. ಖರೇನೂ ಐತಿ. ಆದ್ರ ಕೀಲಿ ಕಳಕೊಂಡ್ರ ತಗದು ಕೊಡಾವ್ರೂ ಯಾರೂ ಇಲ್ಲ.”

“ದುಡ್ಡು ಎಲ್ಲಿ ಹೋಗೇತಿ ಹಂಗಾದ್ರ?”

“ಎಲ್ಲೂ ಹೋಗಿಲ್ಲ. ಅಲ್ಲೇ ಐತಿ. ನೀವು ಹೊರಗ ಇದ್ದೀರಿ.”

ದಾರಿಯುದ್ದಕ್ಕೂ ಅಕ್ಕ ಬಿರಬಿರನೆ ಮುಂದೆ ನಡೆದಳು. ಬೈದಿದ್ದರೆ ಚೇತನಾ ಉತ್ತರ ಕೊಡುತ್ತಿದ್ದಳು. ಬೈಯಲಿಲ್ಲ.

ಮನೆಯ ಕಟ್ಟೆಯ ಮೇಲೆ ಶಿವಸಂಗಪ್ಪ ಸಾವ್ಕಾರರು ಕೂತು ಚಹಾ ಕುಡಿಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಅಮೀನಗಡದ ಕರದಂಟು ಕಳಿಸುವವರು.

“ಏನ ಸಪ್ನಾ, ಹೊಸ ಸೀರಿಗೆ ರೇಷ್ಮಿ ತಂದ್ಯೋ ಇಲ್ಲೋ?” ಎಂದರು.

ಅಕ್ಕ ತಲೆ ತಗ್ಗಿಸಿದಳು. “ಇನ್ನೂ ಇಲ್ರಿ.”

“ಮಗ್ಗ ಸುಮ್ಮನ ನಿಂದರಬಾರದು. ನಾಳಿ ಮುಂಜಾನಿ ನನ್ನ ನೂಲು ಕಳಸ್ಲೇನು? ಮೊದಲಿನಂಗ ಕೂಲಿ ಕೊಡ್ತೇನಿ.” ಬಟ್ಟಲು ಕೆಳಗಿಟ್ಟು ಎದ್ದರು. “ರಾತ್ರಿ ಊಟದ ವ್ಯಾಳ್ಯಾಕ್ಕ ಹೇಳಿಕಳಸು.”

ಸಪ್ನಾ ಒಳಗೆ ಹೋಗಿ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿನಲ್ಲಿ ಕೂತಳು. ಹೊಸ ಸೀರೆಯ ಸೆರಗಿಗೆಂದು ಅವಳು ಗೋಡೆಗೆ ಅಂಟಿಸಿದ್ದ ಗೋಪುರದ ಚಿತ್ರವನ್ನು ನೋಡುತ್ತ ಕೂತಳು. ಚೇತನಾ ಬಾಗಿಲ ಮರೆಯಲ್ಲಿ ನಿಂತು ಮನಸ್ಸಿನಲ್ಲೇ ಹನ್ನೆರಡೂ ಪದ ಹಾಡಿದಳು. ಎಲ್ಲೂ ತಡವರಿಸಲಿಲ್ಲ. ನೀರು ಹರಿದಂತೆ ಬಂದವು. ಮತ್ತೇಕೆ ತಪ್ಪು?

ಸಂಜೆಯಾಯಿತು. ಅಂಬವ್ವ ಅಜ್ಜಿ ದೇವರ ಜಗಲಿಯ ಮುಂದೆ ದೀಪ ಹಚ್ಚಿ, ಎಂದಿನಂತೆ ಕಣ್ಣು ಮುಚ್ಚಿ ಹಾಡತೊಡಗಿದಳು.

“ಬತ್ತಿ ನಿನ್ನದು, ಎಣ್ಣೆ ನಿನ್ನದು, ಬೆಳಗುವಾತನು ನೀನೆ ತಂದೆ...”

“ಅಜ್ಜಿ, ಎಣ್ಣಿ ಮೊದಲು,” ಎಂದಳು ಚೇತನಾ. ದಿನವೂ ಹೇಳುತ್ತಿದ್ದಳು. ಇವತ್ತು ದನಿ ಸ್ವಲ್ಪ ಗಡುಸಾಗಿಯೇ ಬಂತು. “ಎಣ್ಣಿ ನಿನ್ನದು, ಆಮ್ಯಾಲ ಬತ್ತಿ. ಮಠದಾಗ ಹಂಗ ಕಲಿಸ್ಯಾರ.”

ಅಜ್ಜಿ ಕಣ್ಣು ತೆರೆದು ದೀಪ ನೋಡಿದಳು. “ಹತ್ತೇತಿಲ್ಲೋ ದೀಪ?”

“ಹತ್ತೇತಿ. ಆದ್ರೂ ನೀ ತಪ್ಪು ಹಾಡ್ತಿ.”

“ನಿನ್ನಷ್ಟಿದ್ದಾಗ ನಾನೂ ಎಣ್ಣಿ ಅಂತನ ಕಲತಿದ್ನವಾ,” ಎಂದಳು ಅಜ್ಜಿ. “ಮಗ್ಗದ ಮುಂದ ಕುಂತು ಹಾಡಿ ಹಾಡಿ, ಅದರ ಬಡಿತಕ್ಕ ಸರಿ ಕುಂದರಲಿ ಅಂತ ನಾಲಿಗಿ ತಾನ ಹಿಂದಿಂದು ಮುಂದ ಹಾಕೇತಿ. ಯಾವಾಗ ಹಾಕ್ತೋ ಗೊತ್ತಿಲ್ಲ. ಈಗ ನನಗ ಇದ ಖರೆ ಅನಸತೈತಿ.”

ಚೇತನಾ ಅಲ್ಲಾಡದೆ ನಿಂತಳು.

ಅವಳಿಗೆ ಪದ ಕಲಿತ ಮೊದಲ ದಿನದ ಸಂಜೆ ನೆನಪಾಯಿತು. ಹಿತ್ತಿಲ ಕಲ್ಲಿನ ಮೇಲೆ ಕೂತು ಪದಗಳಿಗೆ ರಾಗ ಹಚ್ಚುತ್ತಿದ್ದಳು. ಒಂದು ಸಾಲಿಗೆ ನಾಲ್ಕು ಪದ, ಮೂರು ಸಾಲು. ಮೂರನೆಯ ಸಾಲಿನಲ್ಲಿ ಸಾಲ್ಟ್, ಲ್ಯಾಂಪ್, ಗೋಟ್, ಅಂಬ್ರೆಲಾ ಇದ್ದವು. ಚೀಟಿಯಲ್ಲಿ ಅಂಬ್ರೆಲಾ ನಡುವೆಲ್ಲೋ ಇತ್ತು; ಅಲ್ಲಿ ತಾಳ ಎಡವುತ್ತಿತ್ತು. ಕೊನೆಗೆ ಇಟ್ಟರೆ ಎಷ್ಟು ಚಂದ! ಅಂಬ್ರೆಲಾ ಆ ಆ, ಎಂದು ಎಳೆಯಬಹುದಿತ್ತು.

ಇಟ್ಟವಳು ಅವಳೇ. ಇಟ್ಟು ಮರೆತವಳೂ ಅವಳೇ.

ಹೇಳದೆ ಸುಮ್ಮನಿದ್ದರೆ ತಪ್ಪು ಫೋನಿನದೇ ಆಗಿ ಉಳಿಯುತ್ತಿತ್ತು. ಮಗ್ಗದ ಕುಣಿಯ ಹತ್ತಿರ ಅಕ್ಕ ಸಾವ್ಕಾರರ ಮನೆಗೆ ಹೋಗಲು ಚಪ್ಪಲಿ ಹುಡುಕುತ್ತಿದ್ದಳು.

“ಯಕ್ಕಾ,” ಎಂದಳು ಚೇತನಾ. “ಹೋಗಬ್ಯಾಡ. ತಪ್ಪು ನಂದ ಐತಿ.”

ತಾಳಕ್ಕಾಗಿ ಅಂಬ್ರೆಲಾವನ್ನು ನಡುವಿನಿಂದ ಕೊನೆಗೆ ಸರಿಸಿದ್ದನ್ನು ಹೇಳಿದಳು. ಸಪ್ನಾ ಅವಳನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಕೂತು ಫೋನು ತೆಗೆದಳು.

“ನಡುವ ಎಲ್ಲಿತ್ತು?”

“ನೆನಪಿಲ್ಲ.”

“ಇರೂವು ನಾಕ ಪದ. ನೋಡೂಣು, ಹೇಳು.”

ಚೇತನಾ ಈ ಸಲ ಹಾಡಲಿಲ್ಲ. ತಾಳ ಹಾಕಲಿಲ್ಲ. ಅಂಗಡಿಯ ಲೆಕ್ಕ ಒಪ್ಪಿಸುವವಳಂತೆ ಒಂದೊಂದೇ ಪದ ಹೇಳಿದಳು. ಲ್ಯಾಂಪ್ ಆದ ಮೇಲೆ ಅಂಬ್ರೆಲಾ ಇಟ್ಟರು. ಕೆಂಪು ಅಕ್ಷರ. ಸಾಲ್ಟ್ ಆದ ಮೇಲೆ ಇಟ್ಟರು.

ಪರದೆ ಒಂದು ಕ್ಷಣ ಬಿಳಿಯಾಯಿತು. ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಸಪ್ನಾಳ ಖಾತೆ ತೆರೆಯಿತು.

ಅಕ್ಕ ಬಹಳ ಹೊತ್ತು ಅದನ್ನು ನೋಡಿದಳು. “ಕಾಯಿನ್ ಕಿಮ್ಮತ್ತು ಇಳದೈತಿ,” ಎಂದಳು ಮೆಲ್ಲಗೆ. “ಅವತ್ತ ತಗದಿದ್ರ ಎರಡು ಸೀರಿಗೆ ನೂಲು ಬರ್ತಿತ್ತು. ಈಗ ಒಂದ ಸೀರಿಗೆ ಆಕ್ಕೈತಿ.” ಫೋನು ಕೆಳಗಿಟ್ಟು, “ಸಾಕು,” ಎಂದಳು. ಚಪ್ಪಲಿಯನ್ನು ಮತ್ತೆ ಮೂಲೆಗೆ ಸರಿಸಿದಳು.

“ಪದಾ ಈಗ ಬರದಿಡು ಯಕ್ಕಾ,” ಎಂದಳು ಚೇತನಾ. “ಇಲಿ ತಿನ್ನಲಾರದಂಗ ಡಬ್ಬ್ಯಾಗ ಇಡು. ಬರೇ ನನ್ನ ತಲ್ಯಾಗ ಇಡಬ್ಯಾಡ.”

ಸಪ್ನಾ ಅವಳ ಜಡೆಯನ್ನು ಸಣ್ಣಗೆ ಜಗ್ಗಿ ಪೆನ್ನು ಹುಡುಕಲು ಎದ್ದಳು.

ನಾಲ್ಕು ದಿನ ಕಳೆದ ಮೇಲೊಂದು ಸಂಜೆ ಅಜ್ಜಿ ದೀಪ ಹಚ್ಚಿದಳು. ಒಳಗೆ ಅಕ್ಕ ಹೊಸ ರೇಷ್ಮೆಯ ಎಳೆ ಬಿಡಿಸುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿ ಶುರು ಮಾಡಿದಳು.

“ಬತ್ತಿ ನಿನ್ನದು...”

ಚೇತನಾ ಬಾಯಿ ತೆರೆದಳು. ನಾಲಿಗೆಯ ತುದಿಗೆ ಬಂದ ಮಾತನ್ನು ಹಾಗೆಯೇ ನುಂಗಿದಳು. ದೀಪ ನೆಟ್ಟಗೆ ಉರಿಯುತ್ತಿತ್ತು.

ಅವಳು ಅಜ್ಜಿಯ ಪಕ್ಕಕ್ಕೆ ಸರಿದು ಕೂತು, ಅಜ್ಜಿಯ ಹಾಗೆಯೇ ದನಿಗೂಡಿಸಿದಳು.

“...ಎಣ್ಣೆ ನಿನ್ನದು.”