ತ್ರಿಶಲಾ ಉಪ್ಪು ಬಿಟ್ಟದ್ದು

ಧನ್ಯಕುಮಾರ ಹೊಲದಿಂದ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಸಾಕು, ಹೆಂಡತಿ ತ್ರಿಶಲಾ ಒಗೆಯುವ ನೆಪದಲ್ಲಿ ಅದನ್ನು ಎತ್ತಿ ಮೂಸುತ್ತಿದ್ದಳು.

ಚಾತುರ್ಮಾಸಕ್ಕೆ ಮಮದಾಪುರದಲ್ಲಿ ನಿಂತ ಮುನಿಮಹಾರಾಜರ ಮುಂದೆ ಅವನು ಬೀಡಿ ಬಿಡುವ ನಿಯಮ ತೆಗೆದುಕೊಂಡಿದ್ದ. ಅದಾಗಿ ಇನ್ನೊಂದು ಮಳೆಗಾಲವೂ ಕಳೆದಿತ್ತು. ಕೆಮ್ಮು ಮಾತ್ರ ಹೋಗಲಿಲ್ಲ, ಹೆಚ್ಚಿತು. ಅಂಗಿಗೆ ಒಮ್ಮೊಮ್ಮೆ ಹೊಗೆಯ ವಾಸನೆಯೂ ಇರುತ್ತಿತ್ತು.

"ಕುರಿಕಾಯೋ ರಾಯಪ್ಪನ ಬಾಜೂ ಕುಂತಿದ್ದೆ. ಅವ ಸೇದತಾನ."

"ಅವ ಸೇದಿದ್ರ ನಿಮಗ ಯಾಕ್ರಿ ಕೆಮ್ಮು?"

ಅವನು ಕೆಮ್ಮುತ್ತಲೇ ಹಿತ್ತಲಿಗೆ ನಡೆದ.

ಗುರುಗಳಿಗೆ ಕೊಟ್ಟ ಮಾತು ಮುರಿದರೆ ಪಾಪ. ಅದನ್ನು ತನ್ನಿಂದ ಮುಚ್ಚಿಟ್ಟರೆ? ತ್ರಿಶಲಾಳ ಎದೆಯಲ್ಲಿ ಹೆಚ್ಚು ಉರಿದದ್ದು ಈ ಎರಡನೆಯದೇ. ಒಂದು ಮುಂಜಾನೆ ಬಸದಿಯಿಂದ ಬಂದವಳು ಹೊಸ್ತಿಲಲ್ಲೇ ನಿಂತು ಹೇಳಿದಳು: "ನೀವು ಖರೆ ಹೇಳೂತನಕಾ ನಾ ಉಪ್ಪು ಬಿಟ್ಟೇನಿ."

ಹೊತ್ತು ಮುಳುಗುವ ಮುಂಚೆ ಇಬ್ಬರೂ ಊಟಕ್ಕೆ ಎದುರುಬದುರು ಕೂಡುತ್ತಿದ್ದರು. ಅವಳು ಸಪ್ಪೆ ಬೇಳೆಯಲ್ಲಿ ರೊಟ್ಟಿ ಅದ್ದುವಾಗ ಅವನ ಕೈ ತಾಟಿನ ಮೇಲೆ ತಡೆಯುತ್ತಿತ್ತು. ಅವಳು ಓರೆಗಣ್ಣಿನಲ್ಲಿ ಅದನ್ನು ಕಂಡೂ ಕಾಣದಂತೆ ತುತ್ತು ಮುರಿಯುತ್ತಿದ್ದಳು.

ಬೇಸಗೆ ಬಂತು. ಬಾವಿಯ ಹತ್ತಿರ ಅವಳು ತಲೆ ತಿರುಗಿ ಕೊಡಸಮೇತ ಬಿದ್ದಳು. ಅಂದಿನ ಊಟದಲ್ಲಿ ಅವನು ತಲೆಯೆತ್ತದೆ ಉಪ್ಪಿನ ಬಟ್ಟಲನ್ನು ಅವಳತ್ತ ಸರಿಸಿದ.

"ಹೌದು. ಸೇದೇನಿ. ಹಾಕ್ಕೋ."

ಅವಳು ಹಾಕಿಕೊಂಡಳು. ಮನೆಗೆ ಉಪ್ಪು ಬಂತು, ಮಾತು ಹೋಯಿತು.

ಉಬ್ಬಸ ತಡೆಯಲಾಗದಂತಾದಾಗ ಅವಳೇ ಅವನನ್ನು ಗೋಕಾಕಕ್ಕೆ ಕರೆದೊಯ್ದಳು. ಡಾಕ್ಟರ್ ಆರತಿ ಚಿಕ್ಕ ವಯಸ್ಸಿನ ಹುಡುಗಿ. ಎದೆ ಬೆನ್ನು ನೋಡಿ ಕೇಳಿದಳು: "ಬೀಡಿ ಬಿಟ್ಟೀರೇನ್ರಿ, ಕಾಕಾ?"

"ಬಿಟ್ಟಿಲ್ರಿ. ಅವರ ಬಾಯಿಲೇ ಹೇಳ್ಯಾರ," ಎಂದಳು ತ್ರಿಶಲಾ.

ಧನ್ಯಕುಮಾರ ಗೋಡೆ ನೋಡಿದ. "ಡಾಕ್ಟರ್ ಮುಂದ ಸುಳ್ಳು ಹೇಳಬಾರದು. ನಿಯಮ ತಗೊಂಡ ದಿನದಿಂದ ಮುಟ್ಟಿಲ್ರಿ."

"ಮತ್ತ ಈ ಕೆಮ್ಮು?" ತ್ರಿಶಲಾ ಎದ್ದು ನಿಂತಳು.

"ಕುಂಡ್ರಿ, ಕಾಕೂ. ನಮ್ಮ ರಕ್ತದಾಗ ಕಾವಲು ಕಣ ಇರ್ತಾವು. ಕೆಲವು, ರೋಗ ಬಂದ್ರ ಅದನ್ನ ಹೊಡಿಯಾವು. ಕೆಲವು, ಇನ್ನ ಸಾಕು ಬಿಡು ಅಂತ ಅವನ್ನ ತಡಿಯಾವು. ವರ್ಷಗಟ್ಟಲೆ ಹೊಗಿ ಹೋದ ಶ್ವಾಸಕೋಶದಾಗ ಈ ತೂಕ ತಪ್ಪತೈತಿ. ಹೊಡಿಯಾವು ಹೆಚ್ಚಾಗ್ತಾವು, ತಡಿಯಾವು ಸೋಲ್ತಾವು. ಬೀಡಿ ಬಿಟ್ರೂ ಒಳಗಿನ ಜಗಳ ನಿಲ್ಲೂದಿಲ್ಲ."

"ಒಮ್ಮಿ ಸಿಟ್ಟಿಗೆದ್ರ ಬಿಡೂದಿಲ್ಲ ಅನ್ರಿ," ಎಂದ ಧನ್ಯಕುಮಾರ. "ನಮ್ಮ ಮನಿಯಾಗೂ ಒಂದು ಐತಿ."

ಆರತಿ ನಕ್ಕಳು. ತ್ರಿಶಲಾ ನಗಲಿಲ್ಲ. "ಇದು ಶಾಂತ ಆಗಾಕ ಔಷಧ ಇಲ್ಲೇನವಾ?"

"ಪೂರಾ ಇಲ್ಲ. ಉಸಿರು ಹಗುರ ಮಾಡಾಕ ಕೊಡ್ತೇನಿ. ಬೀಡಿ ಬಿಟ್ಟಿದ್ದೇ ದೊಡ್ಡ ಔಷಧ. ಬಿಡದಿದ್ರ ಇಷ್ಟೊತ್ತಿಗೆ ಇನ್ನೂ ಕೆಡ್ತಿತ್ತು. ಸೇದವರ ಬಾಜೂನೂ ಕುಂಡ್ರಬ್ಯಾಡ್ರಿ, ಕಾಕಾ."

ಬಸ್ ನಿಲ್ದಾಣದಲ್ಲಿ ಅವನು ಸೌತೆಕಾಯಿ ಸೀಳಿಸಿ, ಉಪ್ಪು ಖಾರ ಸವರಿಸಿ ತಂದ. ಅವಳು ಕೈಯಲ್ಲಿ ಹಿಡಿದೇ ಕುಳಿತಳು.

"ಯಾಕ ಸುಳ್ಳು ಹೇಳಿದ್ರಿ?"

"ಖರೆ ಹೇಳಿ ಹೇಳಿ ಸಾಕಾಗಿತ್ತು. ನೀ ಸಪ್ಪನ ತಿಂದು ಬಾವಿ ದಂಡ್ಯಾಗ ಬಿದ್ದಿ."

"ಸತ್ಯ ಬಿಡೂದು ಪಾಪ ಅಲ್ಲೇನ್ರಿ?"

"ಹೌದು. ಮಹಾರಾಜರು ಸಿಕ್ಕಾಗ ಪ್ರಾಯಶ್ಚಿತ್ತ ಕೇಳ್ತೇನಿ. ಆದ್ರ ಮತ್ತ ಹಂಗ ಮಾಡಂಗಿಲ್ಲ ಅಂತ ಹೇಳಾಕ ನನಗ ಬರೂದಿಲ್ಲ." ಅವನು ಅವಳ ಕೈ ನೋಡಿದ. "ತಿನ್ನು. ಉಪ್ಪು ಕರಗಾಕತ್ತೈತಿ."

ಅವಳು ಕಚ್ಚಿದಳು. ಕಣ್ಣಲ್ಲಿ ನೀರು ಬಂತು. ಖಾರ ಹೆಚ್ಚಾಯಿತು ಎಂದಳು.

ಬಸ್ಸಿನಲ್ಲಿ ಅವನಿಗೆ ಕೆಮ್ಮು ಬಂತು. ಎದುರು ಸೀಟಿನವರು ತಿರುಗಿ ನೋಡಿದರು. ಮದುವೆಯಾದಂದಿನಿಂದ ನಾಲ್ಕು ಜನರ ಮುಂದೆ ಗಂಡನನ್ನು ಮುಟ್ಟದ ತ್ರಿಶಲಾ, ಸೆರಗು ಸರಿಮಾಡಿಕೊಂಡು, ಊರು ಬರುವತನಕ ಅವನ ಬೆನ್ನು ಸವರುತ್ತಲೇ ಇದ್ದಳು.