ಲೈಬ್ರರಿ ಪೇಜಿನ ಶ್ರದ್ಧಾಂಜಲಿ

ತೆಲಂಗಾಣ ರಾಜ್ಯವಾದ ಮರುವರ್ಷ ನವನೀತಾ ತಾನು ನೋಡಿಕೊಳ್ಳುತ್ತಿದ್ದ ನಾರಾಯಣಪೇಟೆಯ ಕಾಲೇಜು ಲೈಬ್ರರಿಗೆ ಫೇಸ್‌ಬುಕ್ ಪೇಜ್ ತೆರೆದಳು. ದಿನಕ್ಕೊಂದು ಪುಸ್ತಕದ ಫೋಟೋ ಹಾಕಿದರೂ ಹುಡುಗರು ತಿರುಗಿ ನೋಡಲಿಲ್ಲ. ಮಕ್ತಲ್‌ನ ಕುರುಬರ ಮನೆಯ ನರೇಂದ್ರ ಒಬ್ಬನೇ ಬರೆಯುತ್ತಿದ್ದ. ನೌಕರಿಯ ಪರೀಕ್ಷೆಗೆ ಓದಲು ಬರುತ್ತಿದ್ದ ಅವನು ಅವಳೆದುರೇ ಕುಳಿತು, "ಪುಸ್ತಕದ ಮ್ಯಾಲ ಧೂಳ ಕಾಣಾಕತ್ತೈತ್ರಿ ಮೇಡಮ್" ಎಂದು ಕಮೆಂಟ್ ಹಾಕಿ, ಆಮೇಲೆ ತಲೆಯೆತ್ತಿ ನಗುತ್ತಿದ್ದ. ಅವಳು ನೋಟ ತಪ್ಪಿಸುತ್ತಿದ್ದಳು.

ಹತ್ತು ದಿನ ಅವನು ಬರಲಿಲ್ಲ. ಫೋನ್ ಆಫ್. ಅವಳು ಪೇಜಿನಲ್ಲಿ ವಿಚಾರಿಸಿದಳು. ಅವನ ಗೆಳೆಯ ಸಾಯಿಕುಮಾರ್ ಒಂದೇ ಸಾಲು ಬರೆದ: "ನರೇಂದ್ರ ದೇವರ ಪಾದಕ್ಕ ಹೋದ್ನ್ರಿ."

ಗದ್ವಾಲದ ನೇಕಾರರ ಮನೆಯಲ್ಲಿ ಅವಳ ಅಜ್ಜ ತೀರಿಕೊಂಡಾಗಲೂ ಇದೇ ಮಾತು ಆಡಿದ್ದರು.

ಅಳುತ್ತ ಅವನ ಫೋಟೋ ಹಾಕಿ ಬರೆದಳು: "ನರೇಂದ್ರ ಇನ್ನಿಲ್ಲ. ಅವರು ಓದಲೆಂದೇ ನಾನು ಪುಸ್ತಕ ಆರಿಸುತ್ತಿದ್ದೆ. ಅವರಿಗೆ ಹೇಳಲಿಲ್ಲ. ದೇವರು ಹೇಳಲಿ."

ಒಂದು ತಾಸಿನಲ್ಲಿ ಇನ್ನೂರು ಹುಡುಗರು ಕೈಮುಗಿದರು. ಲೈಬ್ರರಿಗೆ ಕಾಲಿಡದವರೂ ಕಣ್ಣೀರು ಹಾಕಿದ್ದರು.

ಮಧ್ಯಾಹ್ನ ಮೂರಕ್ಕೆ ಫೋನ್ ನಡುಗಿತು. ಆ ಪೋಸ್ಟನ್ನು ನರೇಂದ್ರ ಲೈಕ್ ಮಾಡಿದ್ದ.

ಗಾಳಿಯಿಲ್ಲದೆ ರಿಜಿಸ್ಟರಿನ ಹಾಳೆ ಮಗುಚಿತು. ಪೋಸ್ಟಿನ ಕೆಳಗೆ ಅವನ ಹೊಸ ಸಾಲು ಮೂಡಿತು: "ಬರಾಕತ್ತೀನ್ರಿ."

ಹೋದವರು ಬರುವುದಿಲ್ಲವೆಂದು ಸಾವು ಕಂಡ ಮನೆಗೆ ಗೊತ್ತು; ಆದರೂ ಕಿವಿ ಬಾಗಿಲ ಕಡೆಗೇ ಇರುತ್ತದೆ. ಅವಳು ಗದ್ವಾಲದ ದೇವಿ ಜಮ್ಮುಲಮ್ಮನ ಹೆಸರು ಹೇಳುತ್ತ ಕುಳಿತಳು.

"ಅಯ್ಯಯ್ಯೋ, ಬಂದಾನವ್ವಾ!" ಕಸ ಗುಡಿಸುತ್ತಿದ್ದ ಹಣಮಮ್ಮ ಚೀರಿದಳು.

ಬಾಗಿಲಲ್ಲಿ ನರೇಂದ್ರ. ಬರಿಗಾಲು. ಹೆಣಕ್ಕೆ ಬಳಿದಂತೆ ಮುಖದ ತುಂಬ ಅರಿಶಿನ.

"ಅಲ್ಲೇ ನಿಲ್ರಿ! ಯಾಕ ಬಂದೀರಿ?" ನವನೀತಾ ಕೂಗಿದಳು.

"ಹರಕಿ ಇತ್ರಿ. ಮೈಲಾರನ ಪಾದಕ್ಕ ನಡ್ಕೊಂತ ಹೋಗಿದ್ದೆ. ಇದು ಅವನ ಗುಡಿಯ ಭಂಡಾರ. ಬಸ್‌ಸ್ಟ್ಯಾಂಡಿನ್ಯಾಗ ಫೋನ್ ಚಾರ್ಜಿಗಿಟ್ಟೆ, ನಾ ಸತ್ತೀನಂತ ಆಗ ಗೊತ್ತಾತು. ನಮ್ಮ ಮಂದಿ ಗುಡಿಗೆ ಹೋಗೂದಕ್ಕ 'ದೇವರ ಪಾದಕ್ಕ ಹೋದ' ಅಂತಾರ. ನೀವು ನೆಟ್ಟಗ ಕೈಲಾಸಕ್ಕೇ ಕಳಿಸಿದ್ರಿ!"

"ಸತ್ತ ಸುದ್ದಿ ಹುಟ್ಟಿದಾವಗ ಆಯುಷ್ಯ ಜಾಸ್ತಿ, ಬಿಡಪಾ," ಎಂದು ಹಣಮಮ್ಮ ಎದೆ ನೀವಿಕೊಳ್ಳುತ್ತ ಹೊರಗೆ ಹೋದಳು.

ನವನೀತಾ ಪೋಸ್ಟ್ ತೆಗೆಯಲು ಫೋನ್ ಎತ್ತಿಕೊಂಡಳು.

"ಅಳಿಸಬ್ಯಾಡ್ರಿ."

"ಎಲ್ಲಾರೂ ಓದ್ಯಾರ್ರಿ. ನನಗ ನಾಚಿಕಿ ಬರ್ತೈತಿ."

"ಸತ್ತಾವಗ ಅಷ್ಟು ಹೇಳಿದ್ರಿ. ಬದುಕಿದಾವಗ ಒಂದು ಮಾತು ಹೇಳ್ರಿ."

ಅವಳು ಫೋನ್ ಕೆಳಗಿಟ್ಟಳು. ಇನ್ನೂ ಅಂಜುತ್ತಲೇ ಹತ್ತಿರ ಹೋಗಿ ಅವನ ಮಣಿಕಟ್ಟು ಹಿಡಿದಳು. ಬೆಚ್ಚಗಿತ್ತು. ನಾಡಿ ಅವಳದಕ್ಕಿಂತ ಜೋರಾಗಿ ಓಡುತ್ತಿತ್ತು. ಅವಳು ಕೈ ಬಿಡಲಿಲ್ಲ.

"ಇನ್ನ ಯಾವ ದೇವರ ಪಾದಕ್ಕೂ ನಿಮ್ಮನ್ನ ಒಬ್ರನ್ನೇ ಕಳಸಂಗಿಲ್ರಿ," ಎಂದಳು.