ಮಿಜಾರಿನ ನಾಗ ಕಕ್ಕಿಂಜೆಗೆ ಹೋದದ್ದು

೨೦೨೫ರ ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ೯.೪೦ಕ್ಕೆ ಮೂಡುಬಿದಿರೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಚಿನ್ನಯ್ಯ. ಎಪ್ಪತ್ತು ದಾಟಿದ ಮನುಷ್ಯ, ಮಿಜಾರಿನ ಮೇಗಿನಬರ್ಕೆ ಕುಟುಂಬದ ಯಜಮಾನ. ಇನ್‌ಸ್ಪೆಕ್ಟರ್ ಹರಿಣಾಕ್ಷಿ ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ.

“ಮೇಡಂ, ನಮ್ಮ ನಾಗ ಇಲ್ಲ.”

“ಇಲ್ಲ ಅಂದ್ರೆ?”

“ಬನದಲ್ಲಿ ಇಲ್ಲ. ಕಲ್ಲನ್ನೇ ಎಬ್ಬಿಸಿಕೊಂಡು ಹೋಗಿದ್ದಾರೆ.”

ಹರಿಣಾಕ್ಷಿ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಾಣಿಕೆ ಡಬ್ಬಿ ಒಡೆದವರನ್ನು ಕಂಡಿದ್ದಳು, ದೇವರ ಮೈಮೇಲಿನ ಬಂಗಾರ ಬಿಚ್ಚಿದವರನ್ನು ಹಿಡಿದಿದ್ದಳು. ಆದರೆ ನಾಗನನ್ನು? ಈ ಊರಿನಲ್ಲಿ ಕಳ್ಳನೂ ನಾಗಬನ ಕಂಡರೆ ಚಪ್ಪಲಿ ಕಳಚಿ ಕೈಮುಗಿದು ಆಮೇಲೆ ಕದಿಯಲಿಕ್ಕೆ ಹೋಗುತ್ತಾನೆ. ಅಂಥದ್ದರಲ್ಲಿ ಇದೆಂಥ ಎದೆಗಾರಿಕೆ!

೧೦.೧೫ಕ್ಕೆ ಎಫ್‌ಐಆರ್ ಆಯಿತು. ಬಿಎನ್‌ಎಸ್ ಕಲಂ ೩೦೫, ಪೂಜಾಸ್ಥಳದಿಂದ ವಿಗ್ರಹ ಕಳವು. ಅದರ ಶಾಯಿ ಒಣಗುವ ಮೊದಲೇ ಠಾಣೆಯ ಅಂಗಳದಲ್ಲಿ ನೂರು ಜನ ಸೇರಿದ್ದರು. “ಇದು ನಮ್ಮವರು ಮಾಡುವ ಕೆಲಸ ಅಲ್ಲ” ಎಂದು ಒಬ್ಬ ಕೂಗಿದ. ಹಾಗಾದರೆ ಯಾರು ಮಾಡುವ ಕೆಲಸ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು. ಹರಿಣಾಕ್ಷಿಗೆ ಕಳ್ಳನಿಗಿಂತ ಆ ಕೂಗಿನದೇ ಹೆದರಿಕೆ ಹೆಚ್ಚಾಯಿತು.

೧೧.೩೦ಕ್ಕೆ ಬನದಲ್ಲಿ ಪಂಚನಾಮೆ. ಕಾನ್‌ಸ್ಟೇಬಲ್ ಜಿತೇಶ್ ಬೂಟು ಕಳಚಿಟ್ಟು, ಕಟ್ಟೆಯಿಂದ ಐದಡಿ ದೂರ ನಿಂತು ಬರೆದುಕೊಂಡ. ಕಟ್ಟೆಯ ಮಧ್ಯೆ ಒಂದೂವರೆ ಗೇಣಿನ ಗುಂಡಿ. ಚಿನ್ನಯ್ಯನವರ ಬಳಿ ಕಲ್ಲಿನ ಹಳೆಯ ಫೋಟೊ ಇತ್ತು: ಎಡಗಡೆಯ ಹೆಡೆ ಸ್ವಲ್ಪ ಮುರಿದು, ಅಲ್ಲಿಗೆ ಯಾರೋ ಸಿಮೆಂಟು ಮೆತ್ತಿದ್ದರು. ಗುಂಡಿಯ ಹತ್ತಿರ ಬಗ್ಗಿ ನೋಡಿದ ಹರಿಣಾಕ್ಷಿಗೆ ಅರಸಿನದ ಪುಡಿ ಕಂಡಿತು. ಹಾಲಿನ ಹುಳಿವಾಸನೆ ಬಂತು. ಒಂದು ಕೆಂಪು ಮುರಕಲ್ಲಿನ ತುಂಡನ್ನು ಸರಿಸಿದರೆ ಅದರಡಿಯಲ್ಲಿ ಅರಸಿನ ಬಟ್ಟೆಯ ಸಣ್ಣ ಗಂಟು, ಗಂಟಿನೊಳಗೆ ಹನ್ನೊಂದು ರೂಪಾಯಿ.

“ಮೇಡಂ, ಇದು ತಪ್ಪುಕಾಣಿಕೆ!” ಎಂದ ಜಿತೇಶ್. “ದೇವರ ಹತ್ತಿರ ತಪ್ಪಾಯ್ತು ಅಂತ ಇಡುವುದು. ಕದ್ದವನೇ ಇಟ್ಟು ಹೋದದ್ದಾ?”

“ಎಂಥ ಕರ್ಮ ಮಾರಾಯ! ಬರಿ, ಅಕ್ಷರಕ್ಕೆ ಅಕ್ಷರ ಬರಿ.”

ಪಂಚರಿಬ್ಬರ ಸಹಿ ಹಾಕಿಸಿ ಹೊರಗೆ ಬಂದವಳೇ ಗುಂಪಿಗೆ ಹೇಳಿದಳು: “ಕದ್ದವರಿಗೆ ನಾಗನ ಭಯ ನಿಮಗಿಂತ ಹೆಚ್ಚುಂಟು. ಮನೆಗೆ ಹೋಗಿ.” ಕೇಳುವವರು ಯಾರು? ಅವಳ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಮಿಜಾರಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸೋಮವಾರ ಮಧ್ಯಾಹ್ನ ೨.೧೦ಕ್ಕೆ ಒಂದು ಗೂಡ್ಸ್ ರಿಕ್ಷಾ ದಾಖಲಾಗಿತ್ತು. ಮಾಲೀಕ ಉಮ್ಮರ್, ಊರು ಕಕ್ಕಿಂಜೆ. ಅರುವತ್ತು ಕಿಲೋಮೀಟರು ದೂರದ ರಿಕ್ಷಾಕ್ಕೆ ಇಲ್ಲಿ ಏನು ಕೆಲಸ? ಅದನ್ನು ಪೊಲೀಸರು ಕೇಳುವ ಮೊದಲೇ ಬಂಕಿನ ಯಾರೋ ವಿಡಿಯೋವನ್ನು ವಾಟ್ಸಾಪಿಗೆ ಬಿಟ್ಟಾಗಿತ್ತು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನಲವತ್ತು ಜನ ಉಮ್ಮರನನ್ನು ರಿಕ್ಷಾದಿಂದ ಎಳೆದು ಹಾಕಿ ಬಡಿದರು. ಅಲ್ಲಿಯ ಪೊಲೀಸರು ಬಿಡಿಸಿ, ಚಿಕಿತ್ಸೆ ಕೊಡಿಸಿ ಮೂಡುಬಿದಿರೆಗೆ ಕಳಿಸಿದಾಗ ಅವನ ತುಟಿಗೆ ಮೂರು ಹೊಲಿಗೆ ಬಿದ್ದಿತ್ತು.

“ಸೋಮವಾರ ಮಿಜಾರಿಗೆ ಯಾಕೆ ಹೋದದ್ದು?” ಹರಿಣಾಕ್ಷಿ ಕೇಳಿದಳು.

“ಬಾಡಿಗೆ ಮೇಡಂ.”

“ಏನು ಲೋಡು?”

“ಒಂದು ಗೋಣಿ. ಅರೆಯುವ ಕಲ್ಲು ಅಂತ ಹೇಳಿದ್ರು. ನಾನು ಬಿಚ್ಚಿ ನೋಡ್ಲಿಲ್ಲ.”

“ಹೇಳಿದ್ದು ಯಾರು?”

ಉಮ್ಮರ್ ತುಟಿಯ ಹೊಲಿಗೆ ಮುಟ್ಟಿ ನೋಡಿಕೊಂಡ.

“ಬಾಯಿ ಬಿಡು. ಇಲ್ಲದಿದ್ರೆ ಕೇಸು ನಿನ್ನ ತಲೆಗೇ ಬರ್ತದೆ.”

“ಅವರ ಗಂಡ ಊರಲ್ಲಿ ಇಲ್ಲ ಮೇಡಂ. ಹೆಂಗಸು ಒಬ್ರೇ ಇರುವ ಮನೆ. ನಾನು ಹೆಸರು ಹೇಳಿದ್ರೆ ಈ ಜನ ನಾಳೆ ಅಲ್ಲಿಗೆ ಹೋಗ್ತಾರೆ. ನನಗೆ ಬಿದ್ದದ್ದು ಸಾಕು.”

ಹೆಂಗಸು! ತನ್ನ ರಕ್ತ ಸುರಿದರೂ ಈ ಹುಡುಗ ಕಾಪಾಡುತ್ತಿರುವುದು ಯಾರನ್ನು?

ಕಕ್ಕಿಂಜೆ ಕಡೆಯ ಠಾಣೆಗೆ ವಿಷಯ ತಿಳಿಸಿ, ಜಿತೇಶನನ್ನೂ ಮಹಿಳಾ ಕಾನ್‌ಸ್ಟೇಬಲ್ ರಶೀನಾಳನ್ನೂ ಜೀಪಿಗೆ ಹತ್ತಿಸಿಕೊಂಡು ಅವಳು ಬೆಳ್ತಂಗಡಿ ದಾರಿ ಹಿಡಿದಳು. ೩.೩೦ಕ್ಕೆ ಕಕ್ಕಿಂಜೆ. ಉಮ್ಮರನ ಮನೆಗೆ ತಿರುಗುವ ಮಣ್ಣುರಸ್ತೆಯ ಉದ್ದಕ್ಕೂ ಕೆಂಪು ಬಣ್ಣ ಬಳಿದ ಗೂಟಗಳಿದ್ದವು. ಗೂಟಗಳ ಕೊನೆಯಲ್ಲಿ ಮನ್ವಿತ್ ಎಂಬ ಇಂಜಿನಿಯರು ಅಳತೆಯ ಯಂತ್ರ ಇಟ್ಟುಕೊಂಡು ನಿಂತಿದ್ದ.

“ಇದೆಂತದು?”

“ಗಡಿ ದಾಟಿ ಕೇರಳಕ್ಕೆ ಹೋಗುವ ಹೈಟೆನ್ಷನ್ ಲೈನು ಮೇಡಂ. ಮೇಲಿನ ತಂತಿಯ ಒಳಗೆ ಇಂಟರ್ನೆಟ್ ಕೇಬಲ್ಲೂ ಹೋಗ್ತದೆ. ಪೂರಾ ಸರಕಾರದ ಹಣ.”

“ದಾರಿಯಲ್ಲಿ ಮನೆ ಸಿಕ್ಕಿದ್ರೆ?”

“ದಾಖಲೆ ಇದ್ರೆ ಪರಿಹಾರ ಕೊಟ್ಟು ಎಬ್ಬಿಸುವುದು. ದಾಖಲೆ ಇಲ್ಲದಿದ್ರೆ ಅತಿಕ್ರಮಣ ಅಂತ ಸುಮ್ಮನೆ ಎಬ್ಬಿಸುವುದು.”

“ನಾಗಬನ ಸಿಕ್ಕಿದ್ರೆ?”

“ಲೈನೇ ಬಳಸಿ ಹೋಗ್ಬೇಕು. ಪೂಜಾಸ್ಥಳ ಮುಟ್ಟಿದ್ರೆ ಹಣದ ಮುಂದಿನ ಕಂತು ಇಲ್ಲ ಅಂತ ಆರ್ಡರಿನಲ್ಲೇ ಉಂಟು. ಈಗ ನೋಡಿ, ಮೊದಲಿನ ಸರ್ವೆಯಲ್ಲಿ ಆ ಎದುರಿನ ಮನೆಯ ಅಂಗಳದಲ್ಲಿ ನಾಗ ಇರ್ಲಿಲ್ಲ. ನಿನ್ನೆ ಬಂದ್ರೆ ಉಂಟು! ಮೊದಲು ಬಂದವರಿಗೆ ಕಣ್ಣು ತಪ್ಪಿರ್ಬೇಕು ಅಂತ ಲೈನು ಸರಿಸ್ತಾ ಇದ್ದೇನೆ.”

ಹರಿಣಾಕ್ಷಿ ಬೂಟು ಕಳಚಿ ಆ ಅಂಗಳಕ್ಕೆ ಕಾಲಿಟ್ಟಳು. ಇನ್ನೂ ಹಸಿಯಾಗಿದ್ದ ಮಣ್ಣಿನ ಕಟ್ಟೆ, ಅದರ ಮೇಲೆ ನಾಗನ ಕಲ್ಲು. ಎಡಗಡೆಯ ಹೆಡೆಯಲ್ಲಿ ಸಿಮೆಂಟಿನ ತೇಪೆ. ಚಿನ್ನಯ್ಯನವರ ಫೋಟೊದಲ್ಲಿದ್ದದ್ದೇ ಇದು. ಅಷ್ಟರಲ್ಲಿ ಬಾಗಿಲಲ್ಲಿ ಮೂವತ್ತೈದರ ಹೆಂಗಸೊಬ್ಬಳು ಬಂದು ನಿಂತಳು.

“ನಿಮ್ಮ ಹೆಸರು?”

“ಕಾಂತಿ.”

“ತವರು ಯಾವುದು?”

“ಮಿಜಾರು, ಮೇಗಿನಬರ್ಕೆ. ಚಿನ್ನಯ್ಯ ನನ್ನ ಸೋದರಮಾವ.”

ಅಯ್ಯೋ ದೇವರೇ! ದೂರು ಕೊಟ್ಟವರ ಸೋದರಸೊಸೆಯೇ! ಕಾಂತಿ ಏನನ್ನೂ ಮುಚ್ಚಿಡಲಿಲ್ಲ.

“ಕದ್ದದ್ದಲ್ಲ ಮೇಡಂ. ನಮ್ಮದು ಅಳಿಯಕಟ್ಟು, ಕುಟುಂಬ ಹೆಣ್ಣುಮಕ್ಕಳಿಂದ ಬರುವುದು. ಮಾವ ಯಜಮಾನ ಇರ್ಬಹುದು, ಆದ್ರೆ ಅವರ ಮಕ್ಕಳಿಗೆ ಆ ನಾಗ ಇಲ್ಲ, ನನಗೆ ಉಂಟು. ಬೇರೆಯವರ ನಾಗನನ್ನು ಮುಟ್ಟುವ ಧೈರ್ಯ ನನಗೆಲ್ಲಿಂದ? ನನ್ನ ನಾಗನ ಹತ್ತಿರ ನಾನು ಹಾಲೆರೆದು ಕೇಳಿಕೊಂಡೆ. ನನ್ನ ಮನೆ ಉಳಿಸಿಕೊಡು, ಬಾ ಅಂತ.”

ಅಳಿಯಕಟ್ಟಿನ ಮನೆಯಲ್ಲೇ ಹುಟ್ಟಿದ ಹರಿಣಾಕ್ಷಿ ಬರೆದುಕೊಳ್ಳಲು ಸನ್ನೆ ಮಾಡಿದಳು. ಕಾಂತಿಯ ಹೇಳಿಕೆಯನ್ನು ಜಿತೇಶ್ ಬರೆದುಕೊಳ್ಳುತ್ತಾ ಹೋದ. ಜಾಗ ಸರಕಾರದ್ದು, ಹನ್ನೆರಡು ಸೆಂಟ್ಸು. ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಆರು ವರ್ಷ. ಮನೆ ಕಟ್ಟಲು ಖರ್ಚಾದದ್ದು ಗಂಡ ಶ್ರವಣನ ಏಳು ವರ್ಷದ ಕತಾರ್ ದುಡಿಮೆ. ಮನೆ ಹೋಗುತ್ತದೆ ಎಂದು ಅವನಿಗೆ ಅವಳು ಹೇಳಿಯೇ ಇರಲಿಲ್ಲ.

“ನಿಮ್ಮ ಹೆಸರು ಹೇಳದ್ದಕ್ಕೆ ಉಮ್ಮರ್ ಎಷ್ಟು ಪೆಟ್ಟು ತಿಂದಿದ್ದಾನೆ ಗೊತ್ತುಂಟಾ?”

“ಉಮ್ಮರನಿಗೆ? ಯಾಕೆ?” ನಿನ್ನೆ ಮಾವನ ಫೋನು ಬಂದ ಮೇಲೆ ಹೆದರಿ ಅವಳು ಮೊಬೈಲು ಬಂದ್ ಮಾಡಿಟ್ಟಿದ್ದಳು. ಹರಿಣಾಕ್ಷಿ ಬಿ.ಸಿ. ರೋಡಿನ ವಿಷಯ ಹೇಳಿದಳು.

ಪಂಚನಾಮೆಗೆ ಲಗತ್ತಿಸಲು ಹೊಸ ನಕ್ಷೆ ಬೇಕಿತ್ತು. ಮನ್ವಿತ್ ಅದನ್ನು ಜಗಲಿಯಲ್ಲಿ ಬಿಡಿಸಿದ. ಹಳೆಯ ಗೆರೆ ಕಾಂತಿಯ ಮನೆಯ ಮೇಲಿತ್ತು. ಹೊಸ ಗೆರೆ ನಾಗನನ್ನು ಬಳಸಿ ಪೂರ್ವಕ್ಕೆ ಸರಿದು, ಪಕ್ಕದ ಹಂಚಿನ ಮನೆಯ ನಡುಮಧ್ಯೆ ಹಾದುಹೋಗಿತ್ತು. “ಅದಕ್ಕೂ ದಾಖಲೆ ಇಲ್ಲ, ಹಾಗಾಗಿ ತೊಂದರೆ ಆಗ್ಲಿಕ್ಕಿಲ್ಲ” ಎಂದ.

“ಅದು ರುಖಿಯಮ್ಮನ ಮನೆ” ಎಂದಳು ಕಾಂತಿ. “ಉಮ್ಮರನ ಉಮ್ಮ. ನನ್ನ ಮನೆ ಕಟ್ಟುವಾಗ ಎಂಟು ತಿಂಗಳು ನಾನು ಇದ್ದದ್ದು ಅಲ್ಲಿ.”

ಜೀಪು ಕಂಡು ರುಖಿಯಮ್ಮ ಆಗಲೇ ಬೇಲಿ ದಾಟಿ ಬಂದಿದ್ದರು. ಮಗನಿಗೆ ಹೊಡೆದ ಸುದ್ದಿ ಮುಟ್ಟಿ ಅತ್ತ ಕಣ್ಣು ಕೆಂಪಾಗಿತ್ತು. “ಮಗ ಬದುಕಿದ್ದಾನಲ್ಲ ಮೇಡಂ?” ಎಂದು ಕೇಳಿ, ಹೌದೆಂದ ಮೇಲೆ ನೆಟ್ಟಗೆ ಕಾಂತಿಯ ಬಳಿ ಹೋಗಿ ಕೈ ಹಿಡಿದರು. “ಪೊಲೀಸು ಬಂದ್ರು ಅಂತ ಹೆದರ್ಬೇಡ ಮಗಳೇ. ನಾನಿದ್ದೇನೆ.”

ಕಾಂತಿ ಕೈ ಬಿಡಿಸಿಕೊಂಡಳು. “ಮೇಡಂ, ಕಲ್ಲನ್ನು ತೆಗೆಯಿರಿ. ಈಗಲೇ ತೆಗೆಯಿರಿ.”

ಕಳವಿನ ಮಾಲನ್ನು ಜಪ್ತಿ ಮಾಡಲೇಬೇಕು. ಆದರೆ ಮುಟ್ಟುವವರು ಯಾರು? ಜಿತೇಶ್ ಎರಡು ಹೆಜ್ಜೆ ಹಿಂದೆ ಹೋದ. “ಸಸ್ಪೆಂಡ್ ಮಾಡಿ ಮೇಡಂ, ನನ್ನಿಂದ ಆಗ್ಲಿಕ್ಕಿಲ್ಲ.” ಸಾಕ್ಷಿಗೆ ಕರೆಸಿದ್ದ ಊರಿನ ಪಂಚರೂ ನೆಲ ನೋಡಿದರು. ನಿಜ ಹೇಳಬೇಕೆಂದರೆ ಹರಿಣಾಕ್ಷಿಯ ಕೈಯೂ ಮುಂದೆ ಹೋಗಲಿಲ್ಲ.

ಕಾಂತಿ ಬಾವಿಯಿಂದ ಎರಡು ಕೊಡ ನೀರು ಸೇದಿ ತಲೆಗೆ ಸುರಿದುಕೊಂಡಳು. ಒದ್ದೆ ಸೀರೆಯಲ್ಲೇ ಕಟ್ಟೆಯ ಮುಂದೆ ಅಡ್ಡಬಿದ್ದು, ಕಲ್ಲನ್ನು ಅಲುಗಿಸಿ ಎತ್ತಿ, ಎದೆಗವಚಿಕೊಂಡು ಹೋಗಿ ಜೀಪಿನಲ್ಲಿಟ್ಟಳು. ಆಮೇಲೆ ಇಂಜಿನಿಯರನ ಕಡೆ ತಿರುಗಿದಳು.

“ಇಲ್ಲಿ ನಾಗ ಇಲ್ಲ ಅಂತ ಬರೆಯಿರಿ.”

ಮನ್ವಿತ್ ತೊದಲಿದ. “ಹಾಗೆ ಬರೆದ್ರೆ ಲೈನು ಪುನಃ ನಿಮ್ಮ ಮನೆ ಮೇಲೇ ಬರ್ತದೆ.”

“ಗೊತ್ತುಂಟು. ಬರೆಯಿರಿ.”

ರುಖಿಯಮ್ಮನಿಗೆ ಏನೂ ಅರ್ಥವಾಗಲಿಲ್ಲ. “ಒದ್ದೆಯಲ್ಲಿ ಹೋಗ್ತಿಯಲ್ಲ, ತಡಿ” ಎಂದು ಒಣಗಿದ ಸೀರೆ ತರಲು ತಮ್ಮ ಮನೆಗೆ ಓಡಿದರು.

ಸೂರ್ಯ ಮುಳುಗುವ ಮೊದಲು, ೫.೨೦ಕ್ಕೆ, ರಶೀನಾಳ ಸಮಕ್ಷಮ ಬಂಧನ ದಾಖಲಾಯಿತು. ಕೇಸು ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಹರಿಣಾಕ್ಷಿ ಹೀಗೆ ಬರೆದಳು: “ಆರೋಪಿಯು ವಾಸದ ಮನೆಯನ್ನು ಉಳಿಸಿಕೊಳ್ಳುವ ಸಲುವಾಗಿ ಕೃತ್ಯ ಎಸಗಿದ್ದು, ಅದರಿಂದ ನೆರೆಮನೆ ಹೋಗುವುದೆಂದು ತಿಳಿದ ಕೂಡಲೇ ಸ್ವತ್ತನ್ನು ತಾನಾಗಿಯೇ ಒಪ್ಪಿಸಿರುತ್ತಾಳೆ.”